ಮನೆ ಕೆಡವುವ ಮೊದಲು ನೀರಿನ ಮಟ್ಟ ಕೇಳಿ

ವೆಸ್ಟ್ ಮಾಂಬಲಂನ ಕನ್ನಡ ಬಂಧುಗಳೇ, ನೆರೆಹೊರೆಯವರೇ,

ಹಳೆಯ ಫ್ಲ್ಯಾಟುಗಳನ್ನು ಕೆಡವಿ, ಬಿಲ್ಡರ್ ಜೊತೆ ಒಪ್ಪಂದ ಮಾಡಿಕೊಂಡು ಹೊಸದಾಗಿ ಕಟ್ಟಿಸುವ ಭರಾಟೆ ನಮ್ಮಲ್ಲಿ ಜೋರಾಗಿದೆ. ಎಷ್ಟು ಚದರಡಿ ಹೆಚ್ಚು ಸಿಗುತ್ತದೆ, ಲಿಫ್ಟ್ ಯಾವುದು ಎಂದೆಲ್ಲ ವಿಚಾರಿಸುತ್ತೇವೆ. 2015ರ ಚೆನ್ನೈ ನೆರೆಯಲ್ಲಿ ಈ ಬೀದಿಯಲ್ಲಿ ನೀರು ಎಷ್ಟೆತ್ತರ ನಿಂತಿತ್ತು ಎಂದು ಕೇಳುವವರು ಕಡಿಮೆ.

ಆ ಡಿಸೆಂಬರ್ 1ರ ರಾತ್ರಿ ಚೆಂಬರಂಬಾಕ್ಕಂ ಕೆರೆಯಿಂದ ಸೆಕೆಂಡಿಗೆ 29,000 ಘನ ಅಡಿ ನೀರು ಬಿಟ್ಟರು. ಬೇರೆ ಕೆರೆಗಳ ಕೋಡಿ ನೀರೂ ಕೂಡಿ ಅಡ್ಯಾರ್ ನದಿ ಸೈದಾಪೇಟೆ, ಜಾಫರ್‌ಖಾನ್‌ಪೇಟೆ, ಕೋಟೂರ್‌ಪುರಂಗಳಿಗೆ ನುಗ್ಗಿತು. ವಿಮಾನ ನಿಲ್ದಾಣವೇ ಮುಚ್ಚಿತು; ಅದರ ಒಂದು ರನ್‌ವೇ ಇದೇ ನದಿಯ ಮೇಲೆ ಹಾದುಹೋಗುತ್ತದೆ! ನೀರು ಬಿಟ್ಟವರನ್ನು ಬೈದಷ್ಟು, ನೀರಿನ ಜಾಗದಲ್ಲಿ ಕಟ್ಟಿದವರನ್ನು ನಾವು ಬೈಯಲಿಲ್ಲ.

ನದಿ ನಮಗೆ ದೂರ ಎಂಬ ಸಮಾಧಾನ ಬೇಡ. ಪಕ್ಕದ ಟಿ. ನಗರ 1920ರ ದಶಕದಲ್ಲಿ ಕೆರೆ ಬತ್ತಿಸಿ ಎದ್ದ ಬಡಾವಣೆ. ನಮ್ಮ ಲೇಕ್ ವ್ಯೂ ರಸ್ತೆಯಲ್ಲಿ ನೋಡಲು ಈಗ ಕೆರೆಯಿಲ್ಲ. ಈ ಭಾಗದ ಮಳೆನೀರು ಮಾಂಬಲಂ ಕಾಲುವೆ ಹಿಡಿದು ಅಡ್ಯಾರ್ ಸೇರಬೇಕು. ನದಿ ತುಂಬಿದ್ದರೆ ಕಾಲುವೆಯ ನೀರಿಗೆ ಹೋಗಲು ದಾರಿಯಿಲ್ಲ. 2021ರ ನವೆಂಬರಿನಲ್ಲಂತೂ ಕಾಲುವೆಯೊಳಗೆ ಬಿದ್ದಿದ್ದ ಕಟ್ಟಡದ ಅವಶೇಷವೇ ನೀರನ್ನು ತಡೆದು ಬೀದಿಗೆ ತಿರುಗಿಸಿತು.

ನೆರೆ ಬಯಲಿನಲ್ಲಿ ಎಲ್ಲಿ ಏನು ಕಟ್ಟಬಹುದು ಎಂಬುದಕ್ಕೆ ಕೇಂದ್ರ ಸರ್ಕಾರ 1975ರಲ್ಲೇ ಮಾದರಿ ಮಸೂದೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆಯ ರಾಜ್ಯಗಳು ಕಾಯ್ದೆ ಮಾಡಿದವು. ತಮಿಳುನಾಡು ಮಾಡಲಿಲ್ಲ, ನಮ್ಮ ಕರ್ನಾಟಕವೂ ಮಾಡಲಿಲ್ಲ. ಇಂಥ ವಿಂಗಡಣೆಯ ತಿರುಳು ಸರಳ: ದಡದ ತಗ್ಗಿನಲ್ಲಿ ಪಾರ್ಕು, ಆಟದ ಮೈದಾನ, ಮನೆಗಳು ಅದಕ್ಕಿಂತ ಎತ್ತರದಲ್ಲಿ, ಆಸ್ಪತ್ರೆ, ವಿದ್ಯುತ್ ಕೇಂದ್ರಗಳು ನೂರು ವರ್ಷಕ್ಕೊಮ್ಮೆ ಬರುವ ನೆರೆಯೂ ಮುಟ್ಟದಲ್ಲಿ. ಅಮೆರಿಕದಲ್ಲಿ ನೆರೆ ವಿಮೆಯ ಯೋಜನೆಗೆ ಸೇರಿದ ಊರುಗಳು ಅಪಾಯದ ವಲಯದ ಹೊಸ ಮನೆಗಳ ನೆಲವನ್ನು ನೆರೆಯ ಮಟ್ಟಕ್ಕೆ ಏರಿಸಲೇಬೇಕು.

ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಇಷ್ಟು ಬರೆಸಿಕೊಳ್ಳಿ: ನೆಲಮಹಡಿಯಲ್ಲಿ ಮನೆ ಬೇಡ, ಕಂಬಗಳ ಮೇಲೆ ಕಟ್ಟಿ ಕೆಳಗೆ ವಾಹನ ನಿಲ್ಲಿಸೋಣ, ನೆಲಮಾಳಿಗೆ ಬೇಡವೇ ಬೇಡ. ಮೀಟರ್ ಬೋರ್ಡು, ಜನರೇಟರ್ 2015ರ ನೀರಿನ ಗುರುತಿಗಿಂತ ಮೇಲಿರಲಿ. ನಿವೇಶನಕ್ಕೆ ಮಣ್ಣು ತುಂಬಿ ಎತ್ತರಿಸಿ ನೀರನ್ನು ಪಕ್ಕದ ಮನೆಗೆ ದಾಟಿಸುವುದು ಮಾತ್ರ ಜಾಣತನವಲ್ಲ. ಅಂಗಳವಿಡೀ ಸಿಮೆಂಟ್ ಹಾಕಬೇಡಿ. ಕೆಡವಿದ ಇಟ್ಟಿಗೆ, ಗಾರೆ ಎಲ್ಲಿಗೆ ಹೋಗುತ್ತದೆಂದು ಲಾರಿಯವನನ್ನು ಕೇಳಿ. ಹಳೆಯ ಡಾಂಬರು ಕೆರೆಯದೆ ಮೇಲೆ ಮೇಲೆ ರಸ್ತೆ ಹಾಕಿದರೆ ತಡೆಯಿರಿ. ಕೆರೆದೇ ಹಾಕಬೇಕೆಂದು 2021ರಲ್ಲಿ ಸರ್ಕಾರವೇ ಆದೇಶಿಸಿದೆ.

ಚೆನ್ನೈನ ಎರಡನೇ ಮಹಾಯೋಜನೆಯ ಅವಧಿ 2026ರವರೆಗೆ. ಮೂರನೆಯದರಲ್ಲಿ ಅಡ್ಯಾರ್‌ನ ನೆರೆ ಗೆರೆಯನ್ನು ಸರ್ವೆ ನಂಬರ್ ಸಮೇತ ಗುರುತಿಸಬೇಕೆಂದು ಲಿಖಿತವಾಗಿ ಕೇಳೋಣ. ವಾರ್ಡಿನ ಏರಿಯಾ ಸಭೆಗೆ ಬನ್ನಿ, 2015ರ ಫೋಟೋಗಳಿದ್ದರೆ ತನ್ನಿ; ಗೋಡೆಯ ಮೇಲಿನ ನೀರಿನ ಗುರುತಿಗಿಂತ ಗಟ್ಟಿ ಸಾಕ್ಷ್ಯ ನಮ್ಮ ಬಳಿ ಬೇರೆ ಇಲ್ಲ.