ಇಳಿದು ಹತ್ತುವವರ ಬೆಂಗಳೂರು

ಬೆಂಗಳೂರಿನ ಸಾರ್ವಜನಿಕ ಸಾರಿಗೆ ಸೋಲುವುದು ಮುಖ್ಯವಾಗಿ ಇಳಿದು ಹತ್ತುವ ಜಾಗಗಳಲ್ಲಿ. ಮನೆಯಿಂದ ಬಸ್‌ ನಿಲ್ದಾಣಕ್ಕೆ ನಡಿಗೆ, ಅಲ್ಲಿಂದ ಯಾವುದೋ ಸರ್ಕಲ್‌ವರೆಗೆ ಬಸ್ಸು, ಸರ್ಕಲ್‌ನಲ್ಲಿ ರಸ್ತೆ ದಾಟಿ ಮೆಟ್ರೊ, ಮೆಟ್ರೊ ಇಳಿದ ಮೇಲೆ ಮತ್ತೆ ಬಸ್ಸೋ ಆಟೊವೋ, ಕೊನೆಗೆ ಇನ್ನಷ್ಟು ನಡಿಗೆ. ಸ್ವಂತ ವಾಹನವಿಲ್ಲದೆ ದುಡಿಯಲು ಹೋಗುವವರ ಬೆಳಗು ಹೀಗೆ ತುಂಡು ತುಂಡಾಗಿ ಸಾಗುತ್ತದೆ. ಬಸ್ಸಿನ ತುಂಡಿನ ಲೆಕ್ಕವನ್ನು ಬಿಎಂಟಿಸಿ ಇಡುತ್ತದೆ, ರೈಲಿನದ್ದನ್ನು ಮೆಟ್ರೊ ನಿಗಮ, ಫುಟ್‌ಪಾತಿನದ್ದನ್ನು ಪಾಲಿಕೆ, ಸಿಗ್ನಲ್‌ನದ್ದನ್ನು ಸಂಚಾರ ಪೊಲೀಸರು. ಈ ತುಂಡುಗಳ ನಡುವೆ ಕಳೆದುಹೋಗುವ ಹತ್ತು, ಇಪ್ಪತ್ತು ನಿಮಿಷಗಳು ಮಾತ್ರ ಯಾರ ಕಡತದಲ್ಲೂ ಇಲ್ಲ. ಹೊಸ ಮಾರ್ಗ ಉದ್ಘಾಟನೆಯಾದಾಗ ವೇದಿಕೆಯಿಂದ ಕಿಲೊಮೀಟರ್‌ಗಳ ಲೆಕ್ಕ ಕೇಳಿಬರುತ್ತದೆ. ಪ್ರಯಾಣಿಕರ ಲೆಕ್ಕವೇ ಬೇರೆ. ಮನೆ ಬಿಟ್ಟಿದ್ದು ಎಷ್ಟು ಗಂಟೆಗೆ, ಕೆಲಸದ ಜಾಗ ಮುಟ್ಟಿದ್ದು ಎಷ್ಟಕ್ಕೆ ಎಂಬುದಷ್ಟೇ ಅವರಿಗೆ ಮುಖ್ಯ.

ಇಳಿದು ಹತ್ತುವುದು ಇಷ್ಟು ಅನಿವಾರ್ಯವಾದದ್ದಕ್ಕೆ ಊರು ಬೆಳೆದ ರೀತಿಯೇ ಕಾರಣ. ಪೇಟೆ ಮತ್ತು ದಂಡು ಎಂಬ ಎರಡು ಊರುಗಳು ಕೂಡಿ ಆದ ಬೆಂಗಳೂರಿನಿಂದ ಬಳ್ಳಾರಿ, ತುಮಕೂರು, ಮಾಗಡಿ, ಮೈಸೂರು, ಕನಕಪುರ, ಬನ್ನೇರುಘಟ್ಟ, ಹೊಸೂರು, ಹಳೆ ಮದ್ರಾಸು ರಸ್ತೆಗಳು ದಿಕ್ಕು ದಿಕ್ಕಿಗೆ ಹೊರಡುತ್ತವೆ. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್‌ ಕಂಪನಿ ಬಸ್‌ ಓಡಿಸತೊಡಗಿದಾಗಲೂ, 1956ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡು ಬಿಟಿಎಸ್‌ ಮಾಡಿದಾಗಲೂ ಬಸ್ಸುಗಳು ಹಿಡಿದದ್ದು ಈ ರಸ್ತೆಗಳನ್ನೇ. ಮೆಜೆಸ್ಟಿಕ್‌, ಮಾರ್ಕೆಟ್‌, ಶಿವಾಜಿನಗರ ಎಂಬ ಮೂರು ಜಾಗಗಳಿಂದ ಹೊರಟು ಮತ್ತೆ ಅಲ್ಲಿಗೇ ಮರಳುವುದು ಬಸ್ಸುಗಳ ಕ್ರಮವಾಯಿತು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದ ಮೆಜೆಸ್ಟಿಕ್‌ ನಿಲ್ದಾಣ ಊರಿನ ಹೊಕ್ಕುಳಾಯಿತು. 1997ರಲ್ಲಿ ಬಿಎಂಟಿಸಿ ಪ್ರತ್ಯೇಕ ಸಂಸ್ಥೆಯಾದಾಗ ಈ ಜಾಲವೂ ಜೊತೆಗೇ ಬಂತು.

ಅಷ್ಟರಲ್ಲಿ ಕೆಲಸಗಳು ಹೊಕ್ಕುಳನ್ನು ಬಿಟ್ಟು ಹೊರಗೆ ಹೋಗತೊಡಗಿದ್ದವು. ಪೀಣ್ಯದ ಕೈಗಾರಿಕಾ ವಲಯ, ಎಲೆಕ್ಟ್ರಾನಿಕ್‌ ಸಿಟಿ, ವೈಟ್‌ಫೀಲ್ಡ್‌, ಆಮೇಲೆ ಹೊರವರ್ತುಲ ರಸ್ತೆಯ ಉದ್ದಕ್ಕೂ ಮಾರತ್ತಹಳ್ಳಿ, ಬೆಳ್ಳಂದೂರು. ಕಾಮಾಕ್ಷಿಪಾಳ್ಯದ ಮನೆಯಿಂದ ಬೆಳ್ಳಂದೂರಿನ ಕಚೇರಿಗೆ ಹೋಗಬೇಕಾದವರಿಗೆ ಮೆಜೆಸ್ಟಿಕ್‌ನಲ್ಲಿ ಕೆಲಸವೇನೂ ಇಲ್ಲ, ಆದರೂ ಮೆಜೆಸ್ಟಿಕ್‌ ತಪ್ಪುವುದಿಲ್ಲ. ಮೆಜೆಸ್ಟಿಕ್‌ನಿಂದ ಹೊರಡುವ ಕಾಡುಗೋಡಿಯ 335ಇಯಂಥ ಬಸ್ಸು ಹಳೆಯ ಕ್ರಮದ ಪ್ರತಿನಿಧಿಯಾದರೆ, ಹೆಬ್ಬಾಳ ಮತ್ತು ಸಿಲ್ಕ್‌ ಬೋರ್ಡ್‌ ನಡುವೆ ಓಡಾಡುವ 500ಡಿ ಹೊಸ ಊರಿನದ್ದು. ಎರಡೂ ಬಗೆಯ ಬಸ್ಸುಗಳು ಸಂಧಿಸುವ ಜಾಗಗಳೇ ಇಂದಿನ ನಿಜವಾದ ನಿಲ್ದಾಣಗಳು. ಅಲ್ಲಿ ನೆರಳಿಗೊಂದು ಸೂರು ಸಿಕ್ಕರೆ ಅದೇ ದೊಡ್ಡದು.

ಇದಕ್ಕೆ ಜನ ಕೇಳುವ ಪರಿಹಾರ ಡೈರೆಕ್ಟ್‌ ಬಸ್ಸು. ಬಡಾವಣೆಯ ಸಂಘ ಶಾಸಕರಿಗೆ ಮನವಿ ಕೊಡುತ್ತದೆ, ಶಾಸಕರು ಡಿಪೊಗೆ ಹೇಳುತ್ತಾರೆ, ಬೆಳಿಗ್ಗೆ ಒಂದು ಟ್ರಿಪ್ಪು ಸಂಜೆ ಒಂದು ಟ್ರಿಪ್ಪು ಬರುತ್ತದೆ. ಮಾರ್ಗ ಸಂಖ್ಯೆಯ ಬಾಲಕ್ಕೆ ಇನ್ನೊಂದು ಇಂಗ್ಲಿಷ್‌ ಅಕ್ಷರ ಸೇರುತ್ತದೆ. ಆದರೆ ಲೆಕ್ಕ ಹಾಕಿದರೆ ಈ ದಾರಿ ಎಲ್ಲಿಗೂ ಮುಟ್ಟದು. ನೂರು ಬಡಾವಣೆಗಳಲ್ಲಿ ಪ್ರತಿ ಜೋಡಿಗೂ ನೇರ ಬಸ್‌ ಕೊಡಬೇಕೆಂದರೆ 4,950 ಮಾರ್ಗಗಳು ಬೇಕು. ಏಳು ಸಾವಿರದ ಆಸುಪಾಸು ಬಸ್ಸುಗಳಿರುವ ಸಂಸ್ಥೆ ಒಂದೊಂದು ಮಾರ್ಗಕ್ಕೆ ಒಂದೂವರೆ ಬಸ್ಸನ್ನೂ ಕೊಡಲಾರದು. ಬೆಂಗಳೂರಿನಲ್ಲಿ ಬಡಾವಣೆಗಳು ನೂರಕ್ಕೆ ನಿಲ್ಲುವುದೂ ಇಲ್ಲ. ಆದ್ದರಿಂದ ಕಡಿಮೆ ಮಾರ್ಗಗಳಲ್ಲಿ ಬೆನ್ನು ಬೆನ್ನಿಗೆ ಬಸ್‌ ಓಡಿಸಿ, ಜನರನ್ನು ನಡುವೆ ಇಳಿಸಿ ಹತ್ತಿಸುವುದೇ ದೊಡ್ಡ ನಗರಕ್ಕೆ ಉಳಿಯುವ ದಾರಿ. ಬಿಎಂಟಿಸಿ 2009ರ ಸುಮಾರಿಗೆ ತಂದ ‘ಬಿಗ್‌ 10’ ಸೇವೆ ಹೆದ್ದಾರಿಗಳ ಮೇಲೆ ನೇರವಾಗಿ ಓಡುವ ಇಂಥದೇ ಪ್ರಯತ್ನ. ಆಲೋಚನೆ ಸರಿಯಾಗಿಯೇ ಇತ್ತು. ಇಳಿದವರಿಗೆ ಮುಂದಿನ ಬಸ್ಸು ಬೇಗ ಸಿಗಬೇಕು, ಎರಡನೇ ಟಿಕೆಟ್ಟಿನ ಹೊರೆ ಬೀಳಬಾರದು ಎಂಬ ಎರಡು ಷರತ್ತುಗಳು ಮಾತ್ರ ಪೂರೈಸಲಿಲ್ಲ.

ಮೊದಲ ಷರತ್ತು ಕಾಯುವುದಕ್ಕೆ ಸಂಬಂಧಿಸಿದ್ದು. ಹತ್ತು ನಿಮಿಷಕ್ಕೊಂದು ಬಸ್ಸು ಕ್ರಮವಾಗಿ ಬಂದರೆ ಸರಾಸರಿ ಐದು ನಿಮಿಷ ಕಾದರೆ ಸಾಕು. ಆದರೆ ಗಂಟೆಗೆ ಆರು ಬಸ್ಸು ಇದ್ದೂ ಮೂರು ಮೂರಾಗಿ ಬಂದರೆ ಕಾಯುವುದು ಹದಿನೈದು ನಿಮಿಷಕ್ಕೆ ಏರುತ್ತದೆ. ಅರ್ಧ ಗಂಟೆ ಒಂದೂ ಇಲ್ಲ, ಬಂದರೆ ಮೂರೂ ಒಟ್ಟಿಗೆ ಎಂಬ ದೂರಿನ ಹಿಂದೆ ಚಾಲಕರ ಸೋಮಾರಿತನವನ್ನು ಹುಡುಕುವುದು ಅನ್ಯಾಯ. ಒಂದು ಬಸ್ಸು ಸಿಗ್ನಲ್‌ನಲ್ಲಿ ಸಿಕ್ಕಿ ತಡವಾದರೆ ಮುಂದಿನ ನಿಲ್ದಾಣದಲ್ಲಿ ಹೆಚ್ಚು ಜನ ಸೇರಿರುತ್ತಾರೆ. ಅವರೆಲ್ಲ ಹತ್ತುವಷ್ಟರಲ್ಲಿ ಅದು ಇನ್ನೂ ತಡವಾಗುತ್ತದೆ. ಹಿಂದಿನ ಬಸ್ಸಿಗೆ ಹತ್ತುವವರೇ ಇಲ್ಲ, ಅದು ಬೇಗ ಬೇಗ ಬಂದು ಮುಂದಿನದ್ದರ ಬೆನ್ನು ಹಿಡಿಯುತ್ತದೆ. ರಸ್ತೆಯಲ್ಲಿ ಬಸ್ಸಿಗೆ ತನ್ನದೇ ಜಾಗ ಸಿಕ್ಕರೆ ಮಾತ್ರ ಈ ಸರಪಳಿ ಮುರಿಯುತ್ತದೆ. 2019ರ ಅಕ್ಟೋಬರ್‌ನಲ್ಲಿ ಹೊರವರ್ತುಲ ರಸ್ತೆಯ ಸಿಲ್ಕ್‌ ಬೋರ್ಡ್‌–ಕೆ.ಆರ್‌. ಪುರ ಭಾಗದಲ್ಲಿ ಬಸ್‌ ಪಥ ಮಾಡಿದ್ದು ಇದಕ್ಕಾಗಿಯೇ. ಕೋವಿಡ್‌ ಬಂತು, ಅದರ ಹಿಂದೆಯೇ ಮೆಟ್ರೊ ಕಂಬಗಳ ಕಾಮಗಾರಿ ಬಂತು, ಪಥ ಅಳಿಸಿಹೋಯಿತು. ಮುಂದೆಂದೋ ಬರುವ ಸಾರಿಗೆಗಾಗಿ ಇರುವ ಸಾರಿಗೆಯ ಜಾಗ ಕಿತ್ತುಕೊಂಡದ್ದನ್ನು ಅಂದು ಯಾರೂ ದೊಡ್ಡ ವಿಷಯ ಮಾಡಲಿಲ್ಲ.

ಎರಡನೆಯ ಷರತ್ತು ಟಿಕೆಟ್ಟಿನದು. ಬಸ್‌ ದರ ಸ್ಟೇಜಿನ ಲೆಕ್ಕದಲ್ಲಿದೆ. ದೂರ ಹೆಚ್ಚಿದಂತೆ ಕಿಲೊಮೀಟರಿಗೆ ಬೀಳುವ ದರ ಇಳಿಯುತ್ತದೆ. 2025ರ ಜನವರಿಯ ಏರಿಕೆಯ ನಂತರ ಕನಿಷ್ಠ ದರ ₹6. ಒಂದೇ ಬಸ್ಸಿನಲ್ಲಿ ಹನ್ನೆರಡು ಕಿ.ಮೀ. ಹೋಗುವವರಿಗೆ ಈ ಇಳಿಕೆಯ ಲಾಭವಿದೆ. ಅಷ್ಟೇ ದೂರವನ್ನು ಎರಡು ಬಸ್ಸಿನಲ್ಲಿ ಹೋಗುವವರು ದುಬಾರಿಯಾದ ಮೊದಲ ಸ್ಟೇಜುಗಳನ್ನು ಎರಡು ಸಲ ಕಟ್ಟುತ್ತಾರೆ. ತಮ್ಮ ಊರಿನಿಂದ ನೇರ ಬಸ್ಸಿಲ್ಲ ಎಂಬುದಕ್ಕೆ ಅವರು ತೆರುವ ದಂಡ ಇದು. ಬಸ್‌ ಪಾಸು ಇದ್ದವರು ಈ ದಂಡದಿಂದ ಪಾರಾಗುತ್ತಾರೆ, ಆದರೆ ಅದೇ ಪಾಸು ಮೆಟ್ರೊ ಗೇಟಿನಲ್ಲಿ ನಡೆಯದು. 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಮೆಟ್ರೊದ ಗರಿಷ್ಠ ದರ ₹60ರಿಂದ ₹90ಕ್ಕೆ ಏರಿತು. ಅದೇ ವರ್ಷದ ಆಗಸ್ಟ್‌ನಿಂದ ಆಟೊದ ಕನಿಷ್ಠ ದರ ಎರಡು ಕಿ.ಮೀ.ಗೆ ₹36. ಎರಡೂ ತುದಿಯಲ್ಲಿ ಆಟೊ ಹಿಡಿದರೆ ₹72. ಅದೂ ಮೀಟರ್‌ ಹಾಕಿದರೆ! ಇಡೀ ಊರನ್ನು ದಾಟಿಸುವ ಮೆಟ್ರೊಗೆ ₹90, ಅದರ ಬಾಗಿಲು ಮುಟ್ಟಲು ಮತ್ತು ಬಾಗಿಲು ಬಿಡಲು ₹72. ಇನ್ನು ಲೀಟರಿಗೆ ಐವತ್ತು ಕಿ.ಮೀ. ಕೊಡುವ ಸ್ಕೂಟರಿಗೆ ಪೆಟ್ರೋಲಿನ ಖರ್ಚು ಕಿ.ಮೀ.ಗೆ ಎರಡು ರೂಪಾಯಿಯ ಸುಮಾರು. ಹನ್ನೆರಡು ಕಿ.ಮೀ.ಗೆ ₹25, ನಡುವೆ ಎಲ್ಲೂ ಇಳಿಯಬೇಕಿಲ್ಲ. ನಗರದಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿ, ಅವುಗಳಲ್ಲಿ ದ್ವಿಚಕ್ರ ವಾಹನಗಳೇ ಬಹುಪಾಲು ಆಗಿರುವುದನ್ನು ಜನರ ಶೋಕಿ ಎನ್ನಲಾಗದು. ಈ ಗಣಿತ ಬಿಡಿಸಲು ಯಾರಿಗೂ ಕಾಗದ ಪೆನ್ನು ಬೇಕಿಲ್ಲ.

ಈ ದಂಡವನ್ನು ಅರ್ಧ ಪ್ರಯಾಣಿಕರ ಪಾಲಿಗೆ ಒಂದೇ ಏಟಿಗೆ ತೆಗೆದುಹಾಕಿದ್ದು ‘ಶಕ್ತಿ’ ಯೋಜನೆ. 2023ರ ಜೂನ್‌ 11ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಯೋಜನೆಯ ಕುರಿತ ವಾದವೆಲ್ಲ ಬೊಕ್ಕಸದ ಹೊರೆ ಮತ್ತು ಬಸ್ಸಿನ ನೂಕುನುಗ್ಗಲಿನ ಸುತ್ತಲೇ ನಡೆಯಿತು. ನಗರದ ಮಟ್ಟಿಗೆ ಅದರ ಇನ್ನೊಂದು ಪರಿಣಾಮ ಗಮನಕ್ಕೆ ಬಂದದ್ದು ಕಡಿಮೆ. ಶೂನ್ಯ ದರದ ಟಿಕೆಟ್‌ ಹಿಡಿದವಳಿಗೆ ಡೈರೆಕ್ಟ್‌ ಬಸ್ಸಿಗೆ ಕಾಯುವ ಅಗತ್ಯವಿಲ್ಲ. ಮೊದಲು ಬಂದದ್ದನ್ನು ಹತ್ತಿ, ಅದು ತಿರುಗುವಲ್ಲಿ ಇಳಿದು, ಇನ್ನೊಂದನ್ನು ಹಿಡಿದರೆ ಆಯಿತು. ಮಗುವನ್ನು ಶಾಲೆಗೆ ಬಿಟ್ಟು, ಎರಡು ಮನೆಗಳ ಕೆಲಸ ಮುಗಿಸಿ, ಬರುವಾಗ ತರಕಾರಿ ತರುವ ಹೆಂಗಸಿನ ದಿನವೇ ಹಲವು ಸಣ್ಣ ಪ್ರಯಾಣಗಳ ಕೂಟ. ಹಿಂದೆ ಒಂದೊಂದಕ್ಕೂ ಒಂದೊಂದು ಟಿಕೆಟ್‌ ಬೇಕಿತ್ತು. ಅದನ್ನು ಉಳಿಸಲು ಕಾಲನ್ನೇ ನಂಬುತ್ತಿದ್ದವರು ಈಗ ಬಸ್ಸು ಹತ್ತುತ್ತಾರೆ. ಸಾರಿಗೆ ತಜ್ಞರು ಪುಸ್ತಕದಲ್ಲಿ ಓದುವ ಏಕೀಕೃತ ದರ ಹೀಗೆ ಹಿಂದಿನ ಬಾಗಿಲಿನಿಂದ ಬೆಂಗಳೂರಿಗೆ ಬಂದಿದೆ. ಬಸ್ಸಿನಿಂದ ಬಸ್ಸಿಗೆ ಮಾತ್ರ, ಅದೂ ಮಹಿಳೆಯರಿಗೆ ಮಾತ್ರ.

ಕೊಂಡಿ ಕಳಚಿದರೆ ಎಂಥ ದುಬಾರಿ ಮಾರ್ಗವೂ ಹೇಗೆ ಸೊರಗುತ್ತದೆ ಎಂಬುದಕ್ಕೆ ಮೆಟ್ರೊದಲ್ಲೇ ಉದಾಹರಣೆಗಳಿವೆ. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್‌–ಕೆ.ಆರ್‌. ಪುರ ಮಾರ್ಗ ತೆರೆದಾಗ ಕೆ.ಆರ್‌. ಪುರದಿಂದ ಬೈಯಪ್ಪನಹಳ್ಳಿಯವರೆಗಿನ ಎರಡು ಕಿ.ಮೀ. ಬಾಕಿ ಇತ್ತು. ಅಷ್ಟಕ್ಕೆ ಫೀಡರ್‌ ಬಸ್ಸು ಹಾಕಿದರೂ ಜನ ಬರಲಿಲ್ಲ. ಅಕ್ಟೋಬರ್‌ನಲ್ಲಿ ಆ ತುಂಡು ಸೇರಿದ ಮೇಲೆ ನೇರಳೆ ಮಾರ್ಗ ತುಂಬಿತು. 2025ರ ಆಗಸ್ಟ್‌ 10ರಂದು ಆರ್‌.ವಿ. ರಸ್ತೆ–ಬೊಮ್ಮಸಂದ್ರದ ಹಳದಿ ಮಾರ್ಗ ತೆರೆದದ್ದು ಮೂರೇ ರೈಲುಗಳೊಂದಿಗೆ, 25 ನಿಮಿಷಕ್ಕೊಂದರಂತೆ. ಕಂಬ, ಹಳಿ, ನಿಲ್ದಾಣ ಎಲ್ಲ ಸಿದ್ಧವಾಗಿದ್ದೂ ಬೋಗಿಗಳು ಬಂದಿರಲಿಲ್ಲ. ರೈಲುಗಳು ಒಂದೊಂದಾಗಿ ಸೇರಿದಂತೆ ಕಾಯುವ ಹೊತ್ತು ಇಳಿಯಿತು. ಹಸಿರು ಮಾರ್ಗದಿಂದ ಇಳಿದವರು ಮುಂದಿನ ರೈಲಿಗೆ ಎಷ್ಟು ಕಾಯಬೇಕು ಎಂಬುದು ಮಾರ್ಗದ ಉದ್ದದಷ್ಟೇ ಮುಖ್ಯವೆಂದು ಆ ಮಾರ್ಗ ಪ್ರತಿದಿನ ತೋರಿಸಿತು. ಇನ್ನು ಸರ್‌ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನ ಕಥೆ. 2022ರಿಂದ ದೂರದೂರಿನ ರೈಲುಗಳು ಹೊರಡುವ ಈ ಹವಾನಿಯಂತ್ರಿತ ನಿಲ್ದಾಣವೂ ಬೈಯಪ್ಪನಹಳ್ಳಿ ಮೆಟ್ರೊ ನಿಲ್ದಾಣವೂ ನಕ್ಷೆಯಲ್ಲಿ ನೆರೆಹೊರೆ. ಟ್ರಂಕು, ಚೀಲ, ಮಕ್ಕಳೊಂದಿಗೆ ಬಂದವರಿಗೆ ಮಾತ್ರ ನಡುವೆ ಆಟೊ ಚೌಕಾಸಿ ತಪ್ಪಿದ್ದಲ್ಲ. ರೈಲ್ವೆ ತನ್ನ ಟರ್ಮಿನಲ್‌ ಕಟ್ಟಿತು, ಮೆಟ್ರೊ ತನ್ನ ನಿಲ್ದಾಣ ಕಟ್ಟಿತು. ಇಬ್ಬರದೂ ಕೆಲಸ ಪೂರ್ಣ.

ಎಲ್ಲ ತುಂಡುಗಳನ್ನೂ ಹೊಲಿಯುವ ದಾರ ಫುಟ್‌ಪಾತು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ನಡೆಯಲು ಕನಿಷ್ಠ 1.8 ಮೀಟರ್‌ ಅಗಲ ಅಡೆತಡೆಯಿಲ್ಲದೆ ಸಿಗಬೇಕು, ಅಂಚಿನ ಎತ್ತರ 15 ಸೆಂ.ಮೀ. ಮೀರಬಾರದು. ಟೆಂಡರ್‌ ಶ್ಯೂರ್‌ ಯೋಜನೆಯಲ್ಲಿ ಮಾಡಿದ ರೆಸಿಡೆನ್ಸಿ ರಸ್ತೆಯಂಥ ಕಡೆ ಇದು ಸಾಧ್ಯವಾಗಿದೆ. ಆದರೆ ಅಂಥ ರಸ್ತೆಗಳು ಹೆಚ್ಚಾಗಿ ಊರ ನಡುವೆ ಇವೆ. ಗಾರ್ಮೆಂಟ್ಸ್‌ ಪಾಳಿ ಮುಗಿಸಿ ಸಾಲಾಗಿ ನಡೆಯುವ ಹೆಂಗಸರಿರುವ ಪೀಣ್ಯ, ಬೊಮ್ಮನಹಳ್ಳಿಗಳಿಗೆ ಅವು ತಲುಪಿಲ್ಲ. ಅಲ್ಲಿ ಟ್ರಾನ್ಸ್‌ಫಾರ್ಮರ್‌, ಕೇಬಲ್ಲಿನ ಸುರುಳಿ, ನಿಲ್ಲಿಸಿದ ಬೈಕುಗಳು, ಬಾಯಿ ತೆರೆದ ಚರಂಡಿ ಕಲ್ಲು ಇವೆಲ್ಲ ಇದ್ದು ಉಳಿದ ಜಾಗ ನಡೆಯುವವರದು. ತೆರವು ಕಾರ್ಯಾಚರಣೆ ಎಂದರೆ ಮೊದಲು ನೆನಪಾಗುವುದು ತಳ್ಳುಗಾಡಿ ಮಾತ್ರ. ಇಲಾಖೆಗಳೇ ಇಟ್ಟ ಪೆಟ್ಟಿಗೆ, ಕಂಬಗಳನ್ನು ಒತ್ತುವರಿ ಎಂದು ಕರೆಯುವ ರೂಢಿ ಇಲ್ಲ. ಬಸ್‌ ನಿಲ್ದಾಣವನ್ನು ಮೆಟ್ರೊ ಮೆಟ್ಟಿಲ ಬುಡಕ್ಕೆ ತರುವುದು, ಜನ ದಾಟುವಲ್ಲೇ ದಾಟಲು ಸಿಗ್ನಲ್‌ ಕೊಡುವುದು, ಸಂಜೆ ಏಳರ ಮೇಲೆ ಉರಿಯುವ ದೀಪ ಹಾಕುವುದು ಒಂದು ಮೇಲ್ಸೇತುವೆಯ ಖರ್ಚಿನಲ್ಲಿ ಎಷ್ಟೋ ಕಡೆ ಆಗುವ ಕೆಲಸಗಳು. ಇವಕ್ಕೆ ಶಂಕುಸ್ಥಾಪನೆ ಸಮಾರಂಭ ಮಾಡಲು ಬರುವುದಿಲ್ಲ, ಬಹುಶಃ ಅದೇ ತೊಡಕು.

ಈ ಜವಾಬ್ದಾರಿ ಯಾರದು ಎಂಬ ಪ್ರಶ್ನೆಗೆ ಬೇರೆ ನಗರಗಳು ಉತ್ತರ ಕಂಡುಕೊಂಡು ಬಹಳ ಕಾಲವಾಯಿತು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1965ರಲ್ಲೇ ಬಸ್ಸು, ರೈಲು, ದೋಣಿಗಳನ್ನು ಒಂದೇ ಟಿಕೆಟ್ಟಿನಡಿ ತರುವ ಒಕ್ಕೂಟ ಹುಟ್ಟಿತು. ಜ್ಯೂರಿಕ್‌ 1990ರಿಂದ ಅದೇ ಕ್ರಮದಲ್ಲಿದೆ. ಲಂಡನ್‌ 2016ರಲ್ಲಿ ಒಂದು ಗಂಟೆಯೊಳಗೆ ಬಸ್‌ ಬದಲಿಸಿದರೆ ಎರಡನೇ ಪ್ರಯಾಣ ಉಚಿತವೆಂದಿತು. ಚೆನ್ನೈ 2025ರ ಸೆಪ್ಟೆಂಬರ್‌ನಲ್ಲಿ ಬಸ್ಸು, ಮೆಟ್ರೊ, ಉಪನಗರ ರೈಲಿಗೆ ಒಂದೇ ಆ್ಯಪ್‌ನಲ್ಲಿ ಕ್ಯೂಆರ್‌ ಟಿಕೆಟ್‌ ತಂದಿತು. ಬೆಂಗಳೂರಿನಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ 2007ರಿಂದ ಇದೆ, ಮಹಾನಗರ ಭೂಸಾರಿಗೆ ಪ್ರಾಧಿಕಾರಕ್ಕಾಗಿ 2022ರ ಕಾಯ್ದೆಯೂ ಇದೆ. ಕಾಗದದ ಮೇಲೆ ಯಾವ ಕೊರತೆಯೂ ಕಾಣದು. ಆದರೆ ಬಿಎಂಟಿಸಿ ರಾಜ್ಯದ ಸಾರಿಗೆ ಇಲಾಖೆಯ ಅಧೀನ, ಮೆಟ್ರೊ ನಿಗಮ ಕೇಂದ್ರ–ರಾಜ್ಯಗಳ ಸಮಪಾಲಿನ ಕಂಪನಿ, ಉಪನಗರ ರೈಲಿಗೆ ಕೆ–ರೈಡ್‌. 2025ರಲ್ಲಿ ಪಾಲಿಕೆಯೂ ಐದಾಯಿತು. ದರ ನಿಗದಿ ಮಾಡುವ, ಹಣ ಹಂಚುವ ಅಧಿಕಾರ ಸಿಗದ ಹೊರತು ಪ್ರಾಧಿಕಾರ ಸಲಹೆ ಕೊಡುವ ಇನ್ನೊಂದು ಸಮಿತಿಯಾಗಿ ಉಳಿಯುತ್ತದೆ. ವಾಹನಗಳಿಗಿಂತ ಜನರ ಸಂಚಾರಕ್ಕೆ ಆದ್ಯತೆ ಎಂದು ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿದ್ದು 2006ರಲ್ಲಿ. ಹೆಬ್ಬಾಳ–ಸಿಲ್ಕ್‌ ಬೋರ್ಡ್‌ ಸುರಂಗ ರಸ್ತೆಗೆ ತೋರುತ್ತಿರುವ ಅವಸರದಲ್ಲಿ ಆ ನೀತಿಯ ನೆರಳೂ ಕಾಣುವುದಿಲ್ಲ.

ಮುಂದಿನ ಪರೀಕ್ಷೆ ಹೆಬ್ಬಾಳದಲ್ಲೇ ಇದೆ. ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮಾರ್ಗ, ಕೆಂಪಾಪುರದಿಂದ ಜೆ.ಪಿ. ನಗರದತ್ತ ಸಾಗುವ ಮೂರನೇ ಹಂತದ ಮೆಟ್ರೊ, ಬೆನ್ನಿಗಾನಹಳ್ಳಿ–ಚಿಕ್ಕಬಾಣಾವರದ ‘ಮಲ್ಲಿಗೆ’ ಉಪನಗರ ರೈಲು, ವರ್ತುಲ ರಸ್ತೆಯ ಬಸ್ಸುಗಳು, ಬಳ್ಳಾರಿ ರಸ್ತೆಯ ಬಸ್ಸುಗಳು ಎಲ್ಲವೂ ಅಲ್ಲಿ ಸಂಧಿಸಬೇಕು. ಇವನ್ನೆಲ್ಲ ಒಂದೆಡೆ ತರುವ ನಿಲ್ದಾಣಕ್ಕೆಂದು ಮೆಟ್ರೊ ನಿಗಮ ಸುಮಾರು 45 ಎಕರೆ ಜಾಗ ಕೇಳಿತ್ತು. ಎಕರೆಗಳ ಚರ್ಚೆಯಲ್ಲಿ ಮೊದಲು ಇತ್ಯರ್ಥವಾಗಬೇಕಾದ ಅಳತೆ ಇನ್ನೊಂದಿದೆ: ಉಪನಗರ ರೈಲಿನ ಪ್ಲಾಟ್‌ಫಾರಂನಿಂದ ಮೆಟ್ರೊ ಗೇಟಿಗೆ, ಮೆಟ್ರೊ ಗೇಟಿನಿಂದ 500ಡಿ ನಿಲ್ಲುವ ಜಾಗಕ್ಕೆ ಎಷ್ಟು ಮೀಟರ್‌, ಎಷ್ಟು ಮೆಟ್ಟಿಲು, ಎಷ್ಟು ಟಿಕೆಟ್ಟು. ಕಾಂಕ್ರೀಟು ಬಿದ್ದ ಮೇಲೆ ಮೀಟರು, ಮೆಟ್ಟಿಲುಗಳನ್ನು ಬದಲಿಸಲಾಗದು.