ಪುರುಷರು ಮುಚ್ಚಿಡುವ ಒಂದು ಬೇನೆ

ಮನೆಮಂದಿಯೆಲ್ಲ ಓದುವ ಈ ಪತ್ರಿಕೆಯಲ್ಲಿ ಗುಹ್ಯಾಂಗದ ಬೇನೆಯ ಪ್ರಸ್ತಾಪ ಬೇಕೇ ಎಂದು ಕೆಲವು ಹಿರಿಯರು ಹುಬ್ಬು ಗಂಟಿಕ್ಕಬಹುದು. ಬೇಕೆಂದೇ ನಮ್ಮ ಅಭಿಪ್ರಾಯ. ಜನನ, ಮರಣ, ರಜಸ್ಸು, ಜಾತಿ, ಎಂಜಲು ಎಂಬ ಪಂಚಸೂತಕಗಳನ್ನೇ ಅಲ್ಲಗಳೆದ ಶರಣರ ಹಾದಿಯಲ್ಲಿ ನಡೆಯುವ ನಾವು ದೇಹದ ಒಂದು ಅವಯವಕ್ಕೆ ಮಾತ್ರ ಸೂತಕವನ್ನು ಉಳಿಸಿಕೊಂಡಿರುವುದು ಸೋಜಿಗವೇ ಸರಿ.

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ಕಡೆಯ ರೈತರೊಬ್ಬರು, ಅರವತ್ತನ್ನು ಸಮೀಪಿಸಿದವರು, ಕೆಲವು ತಿಂಗಳಿಂದ ಇಷ್ಟಲಿಂಗಪೂಜೆಯನ್ನು ಬಿಟ್ಟಿದ್ದರು. ಕಾರಣ ಕೇಳಿದರೆ ಮೌನ. ಕೊನೆಗೆ ಏಕಾಂತದಲ್ಲಿ ಹೇಳಿಕೊಂಡದ್ದಿಷ್ಟು: ಶಿಶ್ನದ ತುದಿ ಕೆಂಪೇರಿದೆ, ಮುಂದೊಗಲು ಊದಿ ಬಿರುಕು ಬಿಟ್ಟಿದೆ, ಒಳಗೆ ಮೊಸರಿನಂಥ ಬಿಳಿಯ ಪದಾರ್ಥ ಕಟ್ಟುತ್ತದೆ, ಮೂತ್ರ ಮಾಡುವಾಗ ಉರಿ ತಡೆಯಲಾಗದು. “ಇಂಥ ಮೈಯಲ್ಲಿ ಲಿಂಗವನ್ನು ಹೇಗೆ ಮುಟ್ಟಲಿ, ಅಯ್ನೋರೆ?” ಎಂದರು. ಅದಕ್ಕಿಂತ ದೊಡ್ಡ ಸಂಕಟ ಮನೆಯೊಳಗಿತ್ತು. ಯಜಮಾನರು ಎಲ್ಲಿಯೋ ದಾರಿ ತಪ್ಪಿದ್ದಾರೆಂದು ಬಗೆದು ಅವರ ಧರ್ಮಪತ್ನಿ ಮಾತನ್ನೇ ನಿಲ್ಲಿಸಿದ್ದರು. ನಾವು ಹೇಳಿದ್ದು ಎರಡೇ ಮಾತು: ಪೂಜೆ ನಾಳೆಯಿಂದಲೇ ನಡೆಯಲಿ, ಹಾಗೆಯೇ ನಾಳಿನ ಬಸ್ಸಿಗೆ ಕಡೂರಿನ ಸರಕಾರಿ ಆಸ್ಪತ್ರೆಗೆ ಹೋಗಿಬನ್ನಿ. ರಕ್ತ ಪರೀಕ್ಷಿಸಿದಾಗ ಸಕ್ಕರೆಯ ಅಂಶ ೩೦೦ನ್ನು ದಾಟಿತ್ತು. ತಮಗೆ ಮಧುಮೇಹವಿದೆಯೆಂಬುದು ಆವರೆಗೆ ಅವರಿಗೆ ತಿಳಿದೇ ಇರಲಿಲ್ಲ.

ವೈದ್ಯರು ಬ್ಯಾಲನೈಟಿಸ್ ಎಂದು ಕರೆಯುವ ಈ ಉರಿಯೂತಕ್ಕೆ ಕಾರಣಗಳು ಹಲವು. ಮುಂದೊಗಲಿನ ಅಡಿಯಲ್ಲಿ ಸದಾ ತೇವವೂ ಬಿಸುಪೂ ಇರುತ್ತವೆ. ಕ್ಯಾಂಡಿಡಾ ಎಂಬ ಶಿಲೀಂಧ್ರಕ್ಕೆ ಇಂಥ ಸ್ಥಳ ಬಹಳ ಪ್ರಿಯ. ರಕ್ತದ ಸಕ್ಕರೆ ಹೆಚ್ಚಿ ಮೂತ್ರಕ್ಕೂ ಇಳಿದಾಗ ಅದಕ್ಕೆ ಆಹಾರವೂ ದೊರೆತಂತಾಯಿತು. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳು ಸುಮಾರು ೧೦ ಕೋಟಿ. ಅವರಲ್ಲಿ ಕೆಲವು ಗಂಡಸರಿಗೆ ರೋಗದ ಮೊದಲ ಸುಳಿವು ಸಿಗುವುದೇ ಈ ಜಾಗದಲ್ಲಿ. ಲೈಂಗಿಕ ಸಂಪರ್ಕದಿಂದ ಅಂಟುವ ಸೋಂಕುಗಳಿಂದಲೂ ಇದು ಬರಬಹುದು, ಇಲ್ಲವೆನ್ನಲಾಗದು. ಆದರೆ ಪರೀಕ್ಷೆಯಾಗುವ ಮುನ್ನವೇ ಗಂಡನ ನಡತೆಯ ಮೇಲೆ ತೀರ್ಪು ಬರೆಯುವುದು ತರವಲ್ಲ.

ಮಧುಮೇಹಿಗಳು ಇನ್ನೊಂದನ್ನು ಅರಿತಿರಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕವೇ ಹೊರಗೆ ಕಳಿಸುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯ ಔಷಧಗಳಿವು. ಆದರೆ ಇವುಗಳನ್ನು ಸೇವಿಸುವ ಕೆಲವರಲ್ಲಿ ಈ ಉರಿಯೂತ ಕಾಣಿಸಿಕೊಳ್ಳುತ್ತದೆ. ಮಾತ್ರೆಯನ್ನು ತಾವಾಗಿ ಬಿಡದೆ, ಕೊಟ್ಟ ವೈದ್ಯರಿಗೆ ತಿಳಿಸತಕ್ಕದ್ದು.

ಪಾಠಶಾಲೆಯಲ್ಲಿ ಸಂಸ್ಕೃತ ಓದಿದ ನಮಗೆ ಈ ಸಂದರ್ಭದಲ್ಲಿ ನೆನಪಾಗುವುದು ಸುಶ್ರುತಸಂಹಿತೆ. ಮುಂದೊಗಲು ಹಿಂದಕ್ಕೆ ಸರಿದು ಮರಳಿ ಬಾರದೆ ಗಂಟಿನಂತೆ ನಿಲ್ಲುವುದನ್ನು ಅದು ಪರಿವರ್ತಿಕಾ ಎನ್ನುತ್ತದೆ. ಬಾಯಿ ಬಿಗಿದು ಹಿಂದೆ ಸರಿಯದಿರುವುದನ್ನು ನಿರುದ್ಧಪ್ರಕಶ ಎನ್ನುತ್ತದೆ. ಎರಡನೆಯದಕ್ಕೆ ತುಪ್ಪ ಸವರಿದ ನಾಳವನ್ನಿಟ್ಟು, ಮೂರು ಮೂರು ದಿನಕ್ಕೊಮ್ಮೆ ಇನ್ನಷ್ಟು ದಪ್ಪದ್ದನ್ನು ಬಳಸಿ ಹಿಗ್ಗಿಸುವ ಕ್ರಮವಿದೆ. ಕೊಯ್ಯುವ ವಿಧಿಯೂ ಇದೆ. ಉರಿಯೂತ ಪದೇ ಪದೇ ಮರುಕಳಿಸಿ ತೊಗಲು ಬಿಗಿದಾಗ ಇಂದಿನ ವೈದ್ಯರು ಮುಂದೊಗಲನ್ನು ತೆಗೆಸಿಕೊಳ್ಳಲು ಹೇಳುತ್ತಾರೆ. ಅದು ಅನ್ಯಮತದ ಸಂಸ್ಕಾರವೆಂದು ಅಂಜಿ ಹಿಂಜರಿದವರನ್ನು ನಾವು ಬಲ್ಲೆವು. ಅದು ಸಂಸ್ಕಾರವಲ್ಲ, ಚಿಕಿತ್ಸೆ.

ಅದೇ ಗ್ರಂಥದ ನಿದಾನಸ್ಥಾನದಲ್ಲಿ ಶೂಕದೋಷವೆಂಬ ಒಂದು ಅಧ್ಯಾಯವೇ ಇದೆ. ಅಂಗವನ್ನು ದೊಡ್ಡದು ಮಾಡಿಕೊಳ್ಳುವ ಆಸೆಯಿಂದ ಉರಿ ತರುವ ಲೇಪಗಳನ್ನು ಹಚ್ಚಿ ತಂದುಕೊಳ್ಳುವ ಹದಿನೆಂಟು ಬೇನೆಗಳನ್ನು ಅಲ್ಲಿ ವರ್ಣಿಸಿದೆ. ಜಾತ್ರೆಯ ಡೇರೆಗಳಲ್ಲಿ ಸೀಸೆಗಟ್ಟಲೆ ಮಾರಾಟವಾಗುವ ತೈಲಗಳನ್ನು ಕಂಡಾಗ, ಶತಮಾನಗಳು ಕಳೆದರೂ ಮನುಷ್ಯನ ಮೋಹ ಹಾಗೆಯೇ ಉಳಿದಿದೆಯಲ್ಲಾ ಎನಿಸುತ್ತದೆ.

ತೈಲಕ್ಕಿಂತಲೂ ಇಂದು ಹೆಚ್ಚು ಹಾನಿ ಮಾಡುತ್ತಿರುವುದು ಔಷಧದಂಗಡಿಯ ಮುಲಾಮು. “ತುರಿಕೆಗೆ ಒಂದು ಟ್ಯೂಬು ಕೊಡಿ” ಎಂದರೆ ಸಿಗುವ ಬೆರಕೆ ಮುಲಾಮುಗಳಲ್ಲಿ ಅನೇಕವು ತೀಕ್ಷ್ಣ ಸ್ಟೀರಾಯ್ಡ್ ಉಳ್ಳವು. ಹಚ್ಚಿದ ಎರಡು ದಿನದಲ್ಲಿ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ. ಒಳಗೆ ಶಿಲೀಂಧ್ರ ಹಬ್ಬುತ್ತಲೇ ಇರುತ್ತದೆ, ತೊಗಲು ತೆಳುವಾಗುತ್ತದೆ. ವೈದ್ಯರ ಚೀಟಿಯಿಲ್ಲದೆ ಇಂಥ ಹಲವು ಮುಲಾಮುಗಳನ್ನು ಮಾರಕೂಡದೆಂದು ಕೇಂದ್ರ ಸರಕಾರ ೨೦೧೮ರಲ್ಲಿಯೇ ನಿಯಮ ಮಾಡಿದೆ. ಕೆಲವು ಚರ್ಮರೋಗಗಳಿಗೆ ಸ್ಟೀರಾಯ್ಡ್ ನಿಜವಾಗಿ ಬೇಕು. ಯಾವುದಕ್ಕೆ, ಎಷ್ಟು ದಿನ ಎಂಬುದನ್ನು ವೈದ್ಯರು ನಿರ್ಧರಿಸಬೇಕು. ನಮ್ಮ ರೈತಮಿತ್ರರೂ ಎರಡು ತಿಂಗಳು ಇಂಥದನ್ನೇ ಹಚ್ಚಿದ್ದರು.

ಶಿಲೀಂಧ್ರದಿಂದಾದ ಉರಿಯೂತಕ್ಕೆ ಸಾಮಾನ್ಯವಾಗಿ ಕ್ಲೋಟ್ರಿಮಜೋಲ್ ಮುಲಾಮನ್ನು ದಿನಕ್ಕೆರಡು ಬಾರಿ, ಒಂದೆರಡು ವಾರ ಹಚ್ಚಲು ಕೊಡುತ್ತಾರೆ. ದುಬಾರಿಯಾದುದೇನಲ್ಲ. ಪತ್ನಿಗೂ ತುರಿಕೆ, ಬಿಳಿಸೆರಗು ಇದ್ದರೆ ಇಬ್ಬರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಸಕ್ಕರೆ ಹತೋಟಿಗೆ ಬಾರದೆ ಯಾವ ಮುಲಾಮೂ ನಿಲ್ಲದು. ದಿನಕ್ಕೊಮ್ಮೆ ಮುಂದೊಗಲನ್ನು ಮೆಲ್ಲಗೆ ಸರಿಸಿ ಬರಿಯ ನೀರಿನಿಂದ ತೊಳೆದು, ಒರೆಸಿ ಒಣಗಿಸಿ, ಮರೆಯದೆ ಮುಂದಕ್ಕೆ ತರಬೇಕು. ಸಾಬೂನು, ಡೆಟಾಲ್, ಸುಣ್ಣ ಇವುಗಳಿಂದ ಉರಿ ಹೆಚ್ಚುವುದೇ ಹೊರತು ಗುಣವಿಲ್ಲ. ಹೊಲದಲ್ಲಿ ಕ್ರಿಮಿನಾಶಕ ಸಿಂಪಡಿಸಿದವರು, ಮೆಣಸಿನಕಾಯಿ ಬಿಡಿಸಿದವರು ಮೂತ್ರಕ್ಕೆ ಹೋಗುವ ಮೊದಲೇ ಕೈ ತೊಳೆಯಬೇಕು. ಹೋದ ಮೇಲೆ ತೊಳೆಯುವ ರೂಢಿ ಎಲ್ಲರಿಗೂ ಇದೆ, ಮೊದಲು ತೊಳೆಯುವುದು ಯಾರಿಗೂ ಹೊಳೆಯದು.

ಎಳೆಯ ಗಂಡುಮಕ್ಕಳ ಮುಂದೊಗಲು ಸಹಜವಾಗಿಯೇ ಅಂಟಿಕೊಂಡಿರುತ್ತದೆ. ಎರೆಯುವಾಗ ಅಜ್ಜಿಯರು ಅದನ್ನು ಬಲವಂತವಾಗಿ ಹಿಂದೆಳೆಯಬಾರದು.

ಹಿಂದೆ ಸರಿದ ತೊಗಲು ಮರಳಿ ಬಾರದಿದ್ದರೆ, ಮೂತ್ರ ಕಟ್ಟಿದರೆ, ಮಧುಮೇಹಿಗೆ ಜ್ವರದೊಡನೆ ವೃಷಣದ ಸುತ್ತ ಊತ ಹಬ್ಬಿ ಚರ್ಮ ಕಪ್ಪಾಗತೊಡಗಿದರೆ, ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆ ಸೇರಬೇಕು. ನೋವಿಲ್ಲದ ಗಂಟು, ಮೂರು ವಾರವಾದರೂ ಮಾಯದ ಹುಣ್ಣು ಇದ್ದಲ್ಲಿ ಒಂದು ಚೂರು ಮಾಂಸ ತೆಗೆದು ಪರೀಕ್ಷಿಸಲು ವೈದ್ಯರನ್ನೇ ಕೇಳಿರಿ. ಅದು ಅರ್ಬುದವಾಗಿದ್ದರೂ ಆರಂಭದಲ್ಲಿ ಕಂಡುಹಿಡಿದರೆ ಅಂಗವನ್ನು ಉಳಿಸುವ ಸಾಧ್ಯತೆ ಹೆಚ್ಚು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ೧೯೭೩ರಿಂದ ಇಂಥ ರೋಗಿಗಳಿಗೆ ಚಿಕಿತ್ಸೆ ನೀಡುತ್ತ ಬಂದಿದೆ.