ಮಿದುಳಿನಲ್ಲಿ ಉಳಿದ ಕಬ್ಬಿಣ

ಮಿದುಳಿನಲ್ಲಿ ರಕ್ತಸ್ರಾವವಾದವರ ಮನೆಯವರು ಮೊದಲು ಕೇಳುವುದು ‘ರಕ್ತ ನಿಂತಿತಾ ಡಾಕ್ಟ್ರೇ?’ ಎಂದು. ನಿಂತಿದೆ ಅಂದರೆ ಹೋದ ಜೀವ ಬಂದಂತಾಗುತ್ತದೆ. ಆದರೆ ಎರಡನೆಯ ಪೆಟ್ಟು ಶುರುವಾಗುವುದು ಅಲ್ಲಿಂದಾಚೆಗೇ.

ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿದೆ. 30 ಮಿಲಿಲೀಟರ್ ಹೆಪ್ಪುಗಟ್ಟಿದರೆ 15 ಮಿಲಿಗ್ರಾಂ ಆಯಿತು. ಇಡೀ ದಿನದ ಊಟದಿಂದ ನಮ್ಮ ಕರುಳು ಹೀರುವುದೇ ಒಂದೆರಡು ಮಿಲಿಗ್ರಾಂ. ದಿನ ಕಳೆದಂತೆ ಹೆಪ್ಪಿನ ಕೆಂಪುಕಣಗಳು ಒಡೆದು ಈ ಕಬ್ಬಿಣ ಹೊರಬೀಳುತ್ತದೆ. ಮಿದುಳಿನಲ್ಲಿ ನೀರಿನ ಅಂಶ ಬಿಟ್ಟರೆ ಅರ್ಧದಷ್ಟು ಕೊಬ್ಬೇ. ಇಟ್ಟ ಎಣ್ಣೆ ಕಮಟಾಗುವ ಹಾಗೆ ಜೀವಕೋಶದ ಪೊರೆಯ ಕೊಬ್ಬು ಕೆಡತೊಡಗುತ್ತದೆ, ಕಬ್ಬಿಣ ಅದನ್ನು ಚುರುಕುಗೊಳಿಸುತ್ತದೆ. ತಡೆಯಬೇಕಾದ ಜಿಪಿಎಕ್ಸ್4 ಎಂಬ ಕಿಣ್ವ ಸೋತಾಗ ಪೊರೆ ಹರಿದು ಕೋಶ ಸಾಯುತ್ತದೆ. ಇಂಥ ಸಾವಿಗೆ 2012ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಬ್ರೆಂಟ್ ಸ್ಟಾಕ್‌ವೆಲ್, ಸ್ಕಾಟ್ ಡಿಕ್ಸನ್ ಮತ್ತು ಸಂಗಡಿಗರು ‘ಫೆರೊಪ್ಟೋಸಿಸ್’ ಎಂದು ಹೆಸರಿಟ್ಟರು. (ಇದನ್ನೋದಿ ಯಾರೂ ಸೊಪ್ಪು, ರಾಗಿ ಬಿಡಬೇಡಿ. ಕೇಡು ಮಾಡುವುದು ಹೆಪ್ಪಿನ ಕಬ್ಬಿಣ, ತಟ್ಟೆಯದಲ್ಲ.)

ಹಾಗಾದರೆ ಕಬ್ಬಿಣವನ್ನೇ ತೆಗೆದರಾಯಿತಲ್ಲ? ಥಲಸ್ಸೇಮಿಯಾ ಮಕ್ಕಳಿಗೆ ಬಹುಕಾಲದಿಂದ ಕೊಡುತ್ತಿರುವ ಡಿಫೆರಾಕ್ಸಮಿನ್ ಅದೇ ಕೆಲಸದ ಔಷಧ. ಅಮೆರಿಕ, ಕೆನಡಾಗಳಲ್ಲಿ ಅದನ್ನು ಮಿದುಳಿನಲ್ಲಿ ರಕ್ತಸ್ರಾವವಾದವರಿಗೆ ಮೂರು ದಿನ ಕೊಟ್ಟು ನೋಡಿದರು. 2019ರಲ್ಲಿ ಫಲಿತಾಂಶ ಬಂತು: ತೊಂಬತ್ತನೆಯ ದಿನಕ್ಕೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಸ್ಥಿತಿಯಲ್ಲಿದ್ದವರು ಔಷಧ ಪಡೆದವರಲ್ಲಿ ಶೇ 34, ಪಡೆಯದವರಲ್ಲಿ ಶೇ 33. ಇನ್ನೂ ಹೆಚ್ಚಿನ ಪ್ರಮಾಣ ಕೊಟ್ಟ ಹಿಂದಿನ ಪ್ರಯೋಗವನ್ನು ಶ್ವಾಸಕೋಶದ ತೊಂದರೆಯ ಭಯದಿಂದ ನಿಲ್ಲಿಸಬೇಕಾಗಿತ್ತು.

ಇಲ್ಲಿಗೆ ಕಥೆ ಮುಗಿಯಿತು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಡಿಫೆರಾಕ್ಸಮಿನ್ ಮಿದುಳಿನೊಳಗೆ ಸುಲಭವಾಗಿ ಇಳಿಯುವ ಔಷಧವಲ್ಲ. ಪೊರೆಯ ಕೊಬ್ಬು ಕೆಡುವುದನ್ನೇ ತಡೆಯುವ ಫೆರೊಸ್ಟಾಟಿನ್-1 ಇಲಿಗಳ ನರಕೋಶಗಳನ್ನು ಉಳಿಸಿದ್ದನ್ನು ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2017ರಲ್ಲೇ ತೋರಿಸಿದ್ದಾರೆ. ಸೋತದ್ದು ಒಂದು ಔಷಧ, ದಾರಿ ಇನ್ನೂ ತೆರೆದಿದೆ. ಇಲಿಯಿಂದ ಮನುಷ್ಯನವರೆಗೆ ಬರುವ ಹಾದಿ ಉದ್ದ ಎಂಬುದೂ ನಿಜ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಭಾರತವೂ ಸೇರಿ ಹತ್ತು ದೇಶಗಳ 7,000ಕ್ಕೂ ಹೆಚ್ಚು ರೋಗಿಗಳ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಬಿ.ಪಿ.ಯನ್ನು ಒಂದು ಗಂಟೆಯೊಳಗೆ 140ಕ್ಕಿಂತ ಕೆಳಗಿಳಿಸುವುದು, ಸಕ್ಕರೆ ಮತ್ತು ಜ್ವರ ಹತೋಟಿಯಲ್ಲಿಡುವುದು, ರಕ್ತ ತೆಳುಮಾಡುವ ಔಷಧದ ಪರಿಣಾಮ ಇಳಿಸುವುದು, ಈ ನಾಲ್ಕನ್ನೂ ಒಟ್ಟಿಗೆ ಮಾಡಿದಾಗ ಸಾವು, ಅಂಗವಿಕಲತೆ ಕಡಿಮೆಯಾದವು. ಹೆಪ್ಪು ಚಿಕ್ಕದಾದಷ್ಟೂ ಅದರಲ್ಲಿನ ಕಬ್ಬಿಣವೂ ಕಡಿಮೆ. ಇದಕ್ಕೆ ಬೇಕಿರುವುದು ಬೇಗ ಸಿಗುವ ಸಿ.ಟಿ. ಸ್ಕ್ಯಾನ್, ಸಾಮಾನ್ಯ ಔಷಧಗಳು, ‘ರಕ್ತ ನಿಂತಿದೆ’ ಎಂದ ಮೇಲೂ ವಾರವಿಡೀ ರೋಗಿಯ ಮೇಲೆ ಕಣ್ಣಿಡುವಷ್ಟು ದಾದಿಯರು. ನಮ್ಮ ಜಿಲ್ಲಾಸ್ಪತ್ರೆಗಳಿಗೆ ಸರ್ಕಾರ ಮೊದಲು ಕೊಡಬೇಕಾದದ್ದು ಇವನ್ನೇ.